ಹೆಸರು, ವಯಸ್ಸು, ಬೀದಿ

ಗ್ರಿಮ್ಸ್‌ಬಿಯ ಕೋರ್ಟಿನಲ್ಲಿ
ಪತ್ರಿಕೆಯವರ ಬೆಂಚಿಗೆ ಒಂದು ಕಾಲು ಮೋಟು.
ಇಪ್ಪತ್ತಾರು ವರ್ಷ ಅದರ ಮೇಲೆ ಓಲಾಡುತ್ತ
ಬರೆದುಕೊಂಡಿದ್ದೇನೆ: ಹೆಸರು, ವಯಸ್ಸು, ಬೀದಿ.
ಮನೆ ನಂಬರು ಬೇಡ, ಬೀದಿ ಸಾಕು,
ಅಂತ ಕಲಿಸಿದವನು ನನ್ನ ಮೊದಲ ಸಂಪಾದಕ,
ಹೊರೇಸ್ ಬ್ಲಾಂಚರ್ಡ್, ಬೆರಳ ತುದಿಯೆಲ್ಲ ಸಿಗರೇಟಿನ ಹಳದಿ.
"ಬೀದಿ ಹಾಕದಿದ್ದರೆ ಅದೇ ಹೆಸರಿನ
ಇನ್ನೊಬ್ಬ ಪಾಪದವನ ಕಿಟಕಿ ಒಡೆಯುತ್ತೆ, ಐವಿ."
ಯಾರದೋ ಕಿಟಕಿ ಒಡೆದೇ ಒಡೆಯುತ್ತದೆಂಬುದು
ಅವನಿಗೆ ಮೊದಲೇ ಗೊತ್ತಿತ್ತು.

ಅವಳ ಹೆಸರು ಬರೆಯುವಂತಿಲ್ಲ. ಕಾನೂನು.
ಅದರ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ.
ಅವನದು ಬರೆಯಬಹುದು. ಅದೂ ಕಾನೂನು.
ಅದರ ಬಗ್ಗೆ
ಎರಡಲ್ಲ, ಏಳೆಂಟು ಮಾತಿವೆ,
ಒಂದರ ಮುಖ ಒಂದು ನೋಡುವುದಿಲ್ಲ.

ಗಿಲಾವು ಮಾಡುವವನೊಬ್ಬ.
ಕಟಕಟೆಯಲ್ಲಿ ನಿಂತ ದಿನವೂ
ಉಗುರ ಸಂದಿಯಲ್ಲಿ ಬಿಳಿ ಪುಡಿ.
ಮೊದಲ ಪುಟ, ಎಡಗಡೆ, ಫೋಟೋ ಸಮೇತ.
ಹದಿನಾಲ್ಕು ತಿಂಗಳಾದ ಮೇಲೆ
ತಪ್ಪಿತಸ್ಥನಲ್ಲ ಅಂದಿತು ಜ್ಯೂರಿ.
ಹನ್ನೊಂದನೇ ಪುಟ. ಸೋಫಾ ಮಾರಾಟದ ಕೆಳಗೆ. ಆರು ಸಾಲು.
ಅವೂ ನನ್ನವೇ.
ಅಷ್ಟರಲ್ಲಿ ವ್ಯಾನಿನ ಮೇಲಿದ್ದ ಹೆಸರನ್ನು
ಹೆಂಡತಿಯೇ ಚಾಕುವಿನಲ್ಲಿ ಕೆರೆದು ತೆಗೆದಿದ್ದಳು.
ಕೆರೆದ ಜಾಗದಲ್ಲಿ ಅದೇ ಹೆಸರು
ಬಿಸಿಲು ಕಾಣದ ನೀಲಿಯಲ್ಲಿ
ಇನ್ನಷ್ಟು ಢಾಳಾಗಿ ಎದ್ದು ಕೂತಿತ್ತು.

ಮತ್ತೆ ಅವಳು?
'ಅವನು ತಪ್ಪಿತಸ್ಥನಲ್ಲ' ಅಂದರೆ
'ಅವಳು ಸುಳ್ಳುಗಾತಿ' ಅಂತಲ್ಲ
ಅಂತ ನಾನು ಬರೆದಿದ್ದ ಏಳನೇ ಸಾಲನ್ನು
ಜಾಗ ಸಾಲದೆ ಕತ್ತರಿಸಿದರು.
ಕಾನೂನು ಮುಚ್ಚಿಟ್ಟ ಅವಳ ಹೆಸರು
ಮೀನಿನ ಕಾರ್ಖಾನೆಯಲ್ಲಿ
ತಲೆಗೆ ಜಾಲರಿ ಕಟ್ಟಿದ ಹೆಂಗಸರ ನಡುವೆ
ಹ್ಯಾಡಕ್ ಮೀನಿನ ಜೊತೆಗೇ ಬೆಲ್ಟಿನ ಮೇಲೆ ಸಾಗುತ್ತಿತ್ತು.
ಊರ ಬಾಯಿಗೆ ಮುಚ್ಚಳ ಮಾಡುವ ಕುಂಬಾರ
ಯಾವ ಊರಲ್ಲೂ ಹುಟ್ಟಿಲ್ಲ.

ಹಾಗಾದರೆ ಇಬ್ಬರದೂ ಮುಚ್ಚಿಡಿ, ಅನ್ನುತ್ತಾನೆ ತಮ್ಮ,
ತೀರ್ಪು ಬರುವವರೆಗಾದರೂ.
ಹೂಂ ಅಂದುಬಿಡುತ್ತಿದ್ದೆನೇನೋ
ಆ ಈಜು ಮಾಸ್ತರನ ವಾರವೊಂದು ಇಲ್ಲದಿದ್ದರೆ.
ಒಬ್ಬಳೇ ಹುಡುಗಿ, ಒಂದೇ ದೂರು.
ಅವನ ವಕೀಲ ಆಗಲೇ ಆಕಳಿಸುತ್ತಿದ್ದ.
ಮಂಗಳವಾರ ಹೆಸರು ಅಚ್ಚಾಯಿತು.
ಗುರುವಾರ ನನ್ನ ಮೇಜಿಗೆ ಫೋನು,
ಸ್ಕಾರ್ಬರೋದಿಂದ, ಐವತ್ತು ದಾಟಿದ ದನಿ,
ಹಿಂದೆ ಬಟ್ಟೆ ಒಗೆಯುವ ಯಂತ್ರದ ಗಡಗಡ:
"ಅವನ ಹೆಸರಿನ ಕೊನೆಯಲ್ಲಿ... ಎರಡು 'ಟಿ'ನಾ?"
ಹೌದು ಅಂದೆ.
ಬಹಳ ಹೊತ್ತು ಯಂತ್ರವೊಂದೇ ತಿರುಗಿತು.
"ನಾನೊಬ್ಬಳೇ ಅಂದುಕೊಂಡಿದ್ದೆ."
ಪೊಲೀಸರ ನಂಬರು ಕೊಟ್ಟೆ. ಎರಡು ಸಲ ಹೇಳಿಸಿಕೊಂಡಳು.
ಶನಿವಾರಕ್ಕೆ ಮೂವರಾದರು, ತಿಂಗಳು ತುಂಬುವಾಗ ಒಂಬತ್ತು,
ಒಬ್ಬೊಬ್ಬರೂ ನಲವತ್ತು ವರ್ಷ
ನಾನೊಬ್ಬಳೇ, ನಾನೊಬ್ಬಳೇ.
ಶಿಕ್ಷೆಯಾಗಿದೆ, ಈಗ ಬರೆಯಬಹುದು:
ಡೆನಿಸ್ ಗಾರ್ಬಟ್. ಕೊನೆಯಲ್ಲಿ ಎರಡು 'ಟಿ'.

ಗಿಲಾವಿನವನ ಹೆಸರು ಇಲ್ಲೆಲ್ಲೂ ಬರೆದಿಲ್ಲ,
ಗಮನಿಸಿದಿರೋ ಇಲ್ಲವೋ.
ಇಷ್ಟು ತಡವಾದ ಮರ್ಯಾದೆಯಿಂದ
ಯಾರ ಗೋಡೆಯೂ ನೆಟ್ಟಗಾಗುವುದಿಲ್ಲ.

ಹೋದ ನವೆಂಬರಿನಲ್ಲಿ ನನ್ನ ಅಡುಗೆಮನೆಯ ತಾರಸಿ ಸೋರಿ
ಪಕ್ಕದ ಮನೆಯ ವಿನಿಫ್ರೆಡ್ ಯಾರನ್ನೋ ಕಳಿಸಿದಳು.
ಅವನೇ.
ಹೆಸರಿಲ್ಲದ ಬಿಳಿ ವ್ಯಾನು.
ಎರಡು ದಿನ ತಲೆ ಎತ್ತಿ ಕೆಲಸ ಮಾಡಿದ,
ನಾನು ತಲೆ ತಗ್ಗಿಸಿ ಚಹಾ ಕೊಟ್ಟೆ.
ಕೊನೆಗೆ ಬಿಲ್ಲಿನ ಪುಸ್ತಕ ತೆಗೆದಾಗ
ಏನಂತ ಹೇಳಲಿ, ಬೀದಿ ಸಾಕೆನ್ನಲೇ
ಅಂತ ಬಾಯಿ ತೆರೆಯುವಷ್ಟರಲ್ಲಿ,
ಕೇಳದೆಯೇ ಬರೆದುಬಿಟ್ಟ
ನನ್ನ ಪೂರ್ತಿ ಹೆಸರು, ಐವಿ ಕಾಥಾರ್ನ್,
ಕೊನೆಯ ಸದ್ದಿಲ್ಲದ 'ಇ' ಕೂಡ ಬಿಡದೆ.

ಅಚ್ಚಾಗಿತ್ತಲ್ಲ ಅದೂ,
ಅವನ ಹೆಸರಿನ ನೆತ್ತಿಯ ಮೇಲೆ,
ಸಣ್ಣಕ್ಷರದಲ್ಲಿ.