ಇಪ್ಪತ್ತೈದು, ಎಂಟು, ಹನ್ನೆರಡು

ಎಟಿವಿ ಟೈರಿನ ಕೆನ್ನೆಯ ಮೇಲೆ ಅಚ್ಚೊತ್ತಿದ್ದು ಮೂರೇ ಅಂಕಿ:
ಇಪ್ಪತ್ತೈದು, ಎಂಟು, ಹನ್ನೆರಡು.
ಎತ್ತರ, ಅಗಲ, ಒಳಗಿನ ಉಕ್ಕಿನ ಬಳೆ.
ಹಿಂದಿನವಕ್ಕೆ ಎಂಟರ ಜಾಗದಲ್ಲಿ ಹತ್ತು, ಮಿಕ್ಕಿದ್ದು ಅದೇ.
ಇಷ್ಟು ಓದಲು ಮೊಣಕಾಲೂರಿ
ಹೆಬ್ಬೆರಳಿನಿಂದ ಹೋದ ವರ್ಷದ ಕೆಸರು ಕೆರೆದೆ.

ತಪ್ಪು ಇಸ್ಸಾತ್ ಮಾವನದು.
ಯಾರೋ ತೀರಿಕೊಂಡವರ ಶೆಡ್ಡಿನಿಂದ
ಅರ್ಧ ಬೆಲೆಗೆ ಹೊತ್ತು ತಂದ, ಇಪ್ಪತ್ತೇಳರದೊಂದು ಜೋಡಿ.
ಸವೆಯದ ಹಲ್ಲು, ಅಂಗಡಿಯ ವಾಸನೆ ಇನ್ನೂ ಹೋಗಿರಲಿಲ್ಲ.
ಹಿಂದಕ್ಕೆ ಹಾಕಿದ. ಮುಂದೆ ಹಳೆಯವೇ ಇರಲಿ ಅಂದ.
"ಎರಡಂಗುಲ ತಾನೆ ರಿಸ್ತೆನ್? ನಿನ್ನ ಅತ್ತೆಗಿಂತ
ನಾನು ಎರಡು ಗೇಣು ಎತ್ತರ. ನಲವತ್ತು ವರ್ಷ ನಡೆಯಲಿಲ್ಲವೆ?"

ನಡೆಯಿತು. ಜವುಗಿನಲ್ಲಿ ನಡೆಯಿತು.
ಜವುಗು ದೊಡ್ಡ ಮನಸ್ಸಿನದು,
ಯಾವ ಚಕ್ರ ಎಷ್ಟು ಜಾರಿತೆಂದು ಲೆಕ್ಕ ಇಡುವುದಿಲ್ಲ.
ಹಿಮವೂ ಹಾಗೆಯೇ, ಒದ್ದೆ ಪಾಚಿಯೂ.
ಆದರೆ ಕಾರಾಶೋಕಿಗೆ ಹೋಗುವ ದಾರಿ ಡಾಂಬರು,
ನಾಲ್ಕೂ ಚಕ್ರ ಕೂಡಿ ಎಳೆಯುವ ಗುಂಡಿಯನ್ನು
ಒತ್ತಿದ ಮಾವ ಬಿಡಿಸಲು ಮರೆತ.
ಮುಂದಿನದು ಏರಿಗೆಳೆದರೆ ಹಿಂದಿನದು ನೀರಿಗೆ.
ಸುತ್ತಿಗೊಂದು ಚೋಟು ವ್ಯತ್ಯಾಸ,
ಕಿಲೋಮೀಟರಿಗೆ ಎಂಬತ್ತು ಮೀಟರಿನ ಜಗಳ,
ಅಷ್ಟೂ ಹೋಗಿ ಸೇರಿದ್ದು ಗೇರುಪೆಟ್ಟಿಗೆಯ ಹೊಟ್ಟೆಗೆ.
ಹನ್ನೊಂದನೆಯ ಕಿಲೋಮೀಟರಿನಲ್ಲಿ ಏನೋ ನರಳಿತು,
ಆಮೇಲೆ ಸುಟ್ಟ ಎಣ್ಣೆಯ ನಾತ,
ಆಮೇಲೆ ನಾವು ನಡೆದೆವು.

ಗೇರಿನ ರಿಪೇರಿಗೆ ಎರಡು ಹಿಮಸಾರಂಗದ ಬೆಲೆ.
ಟೈರಿಗೆ ಇನ್ನೊಂದು.

ಓಡ್ವಾರನ ಅಂಗಡಿಯಲ್ಲಿ ಛಾವಣಿಯವರೆಗೆ ರಬ್ಬರು.
ನಾಲ್ಕಕ್ಕೂ ಇಪ್ಪತ್ತೇಳೇ ಹಾಕಿಬಿಡು ಅಂದ,
ಬಂಡೆ ಕಂಡರೆ ಹೊಟ್ಟೆ ಎತ್ತಿ ದಾಟುತ್ತದೆ ಅಂದ.
ದಾಟೀತು. ಆದರೆ ಎಂಜಿನ್ನು ಚಿಕ್ಕದು;
ದೊಡ್ಡ ಬೂಟು ತೊಟ್ಟ ಹುಡುಗನ ಹಾಗೆ
ಏರಿನ ನಡುವೆ ಏದುಸಿರು ಬಿಡುತ್ತದೆ.
ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜುತ್ತದೆ.
ಅಡ್ಡ ಇಳಿಜಾರಿನಲ್ಲಿ ಎತ್ತರವೇ ಶತ್ರು.
ಇಪ್ಪತ್ತಾರು? ಸ್ವಲ್ಪ ಹೊತ್ತು ಆಸೆಪಟ್ಟೆ,
ಒಪ್ಪಿಕೊಳ್ಳುತ್ತೇನೆ.

ಬೇಡ. ಇದ್ದದ್ದೇ ಇರಲಿ, ನಾಲ್ಕೂ ಒಂದೇ ಕಂಪನಿಯದು.
ಅಳೆಯಲು ಟೇಪು ಸಿಗಲಿಲ್ಲ. ಹೆಗಲ ಮೇಲಿದ್ದ
ಕಿತ್ತಳೆ ಬಣ್ಣದ ಕುಣಿಕೆ ಹಗ್ಗವನ್ನೇ ಸುತ್ತಿದೆ:
ಎರಡು ಮೀಟರಿಗೆ ಅರ್ಧ ಸೆಂಟಿಮೀಟರ್ ಕಮ್ಮಿ.
ಅಲ್ಲೊಂದು ಗಂಟು ಹಾಕಿ, ಉಳಿದವುಗಳ ಸೊಂಟಕ್ಕೂ ಹಿಡಿದೆ.
ಪಕ್ಕದ ಸಾಲಿನ ಅಗ್ಗದ ಇಪ್ಪತ್ತೈದು
ಗಂಟಿಗೆ ನಾಲ್ಕು ಬೆರಳು ಮೊದಲೇ ಮುಗಿದುಹೋಯಿತು.
ಕೆನ್ನೆಯ ಮೇಲೆ ಬರೆದದ್ದೆಲ್ಲ ನಂಬುವ ಹಾಗಿಲ್ಲ ಅಂದೆ.
ಓಡ್ವಾರ್ ತನ್ನ ಕೆನ್ನೆ ಸವರಿಕೊಂಡ.

ಹೊಸವನ್ನು ತೊಡಿಸಿ, ಐದು ಪೌಂಡು ಗಾಳಿ ತುಂಬಿ,
ನನ್ನನ್ನು ಮೇಲೆ ಕೂರಿಸಿ ಮಾವ ತಳ್ಳಿದ.
ಮುಂದಿನ ಚಕ್ರಕ್ಕೊಂದು ಸೀಮೆಸುಣ್ಣದ ಗೆರೆ, ಹಿಂದಿನದಕ್ಕೊಂದು.
ಒಂದು ಸುತ್ತು. ನೆಲದ ಮೇಲೆ
ಎರಡರದೂ ಒಂದೇ ಉದ್ದದ ಹೆಜ್ಜೆ.
ಮಾವ ಬಗ್ಗಿ ಅಳೆದ, ಮತ್ತೆ ಅಳೆದ,
ಎದ್ದು ಸೊಂಟ ಹಿಡಿದುಕೊಂಡು ಏನೂ ಹೇಳಲಿಲ್ಲ.
"ಗಾಡಿ ಹೇಗಿದೆ?" ಅಂತ ಅತ್ತೆ ಫೋನಿನಲ್ಲಿ ಕೇಳಿದಳು.
ಏನೂ ಅನ್ನಿಸುವುದಿಲ್ಲ ಅಂದೆ. ಅದಕ್ಕಿಂತ ಹೊಗಳಿಕೆ ಗೊತ್ತಿಲ್ಲ.

ಮೊನ್ನೆ ಕರುಗಳ ಕಿವಿಗೆ ಕಚ್ಚು ಹಾಕುವ ರಾತ್ರಿ.
ಹನ್ನೆರಡಕ್ಕೂ ಬಿಸಿಲು, ಸೊಳ್ಳೆಗಳ ಹೊಗೆ,
ಇಡೀ ಬೇಲಿಯೊಳಗೆ ಗೊರಸುಗಳ ಸುಳಿ.
ನಮ್ಮ ಹೆಣ್ಣಿನ ಹಿಂದೆ ಬರುತ್ತಿದ್ದ ಕಂದು ಕರುವಿಗೆ
ಗುರಿ ನೋಡಿ ಎಸೆದೆ. ಕೊರಳಿಗೇ ಬಿತ್ತು.
ಎಳೆದೆ. ಕುಣಿಕೆ ಜಾರುತ್ತ ಬಂದು ಬಂದು
ಟಕ್ಕೆಂದು ನಿಂತಿತು. ಗಂಟು! ಬಿಚ್ಚಲು ಮರೆತಿದ್ದೆ.
ಎರಡು ಮೀಟರಿಗೆ ಅರ್ಧ ಸೆಂಟಿಮೀಟರ್ ಕಮ್ಮಿ,
ಚಕ್ರದಷ್ಟು ಅಗಲದ ಬಾಗಿಲು. ಕರು ತಲೆ ತಗ್ಗಿಸಿ
ಹೊರಗೆ ನಡೆಯಿತು, ಕಚ್ಚಿಲ್ಲದ ಎರಡು ಕಿವಿ ಅಲ್ಲಾಡಿಸುತ್ತ.

ಮಾವ ಬೇಲಿಗೆ ಒರಗಿ ನಗುತ್ತಿದ್ದಾನೆ, ಈಗಲೂ.