ನಲವತ್ತು ಲೀಟರ್

ಕೇರಂ ಬೋರ್ಡಿನ ಬೆನ್ನ ಮೇಲೆ ಹಳಿ ಹಾಕಿದ್ದೇನೆ.
ಆಡುವ ಮಗ್ಗುಲು ನೆಲಕ್ಕೆ; ಬೋರಲು ಮಲಗಿದೆ
ರಾಣಿ ಕಳೆದುಕೊಂಡ ಹಳೇ ಬೋರ್ಡು.
ಅಳತೆ ಎಂಬತ್ತೇಳಕ್ಕೆ ಒಂದು.
ಹಳಿಗಳ ನಡುವೆ ಹನ್ನೆರಡು ಮಿಲಿಮೀಟರ್ ಸಾಕು
ನಮ್ಮ ಹುಬ್ಬಳ್ಳಿಯ ಆಗಿನ ಮೀಟರ್ ಗೇಜಿಗೆ.

ಗಾಡಿ ಇನ್ನೂ ಕೊಂಡಿಲ್ಲ. ಮೊದಲು ಡಿಪೋ.
ಓಡುವ ಗಾಡಿ ಎಲ್ಲರೂ ನೋಡಿದ್ದಾರೆ,
ಅದು ನಿಂತು ಎಣ್ಣೆ ಕುಡಿಯುವುದನ್ನು
ನೋಡಿದವರು ನಾವೊಂದು ಹತ್ತು ಜನ.

ಹಲ್ಲುಪುಡಿ ಡಬ್ಬಿ ಟ್ಯಾಂಕಾಯಿತು,
ಸೈಕಲ್ಲಿನ ವಾಲ್‌ಟ್ಯೂಬು ಹೋಸ್ ಪೈಪು.
ಕೆಂಪು ರಿಫಿಲ್ಲನ್ನು ಬ್ಲೇಡಿನಲ್ಲಿ ಕೊಯ್ದು
ಬೆಂಕಿ ಬಿದ್ದರೆ ಇರಲಿ ಎಂದು ಮರಳಿನ ನಾಲ್ಕು ಬಕೀಟು.
ಐದನೆಯದು ಸಿಡಿದು ಹೋಗಿ ಇನ್ನೂ ಸಿಕ್ಕಿಲ್ಲ.
ನಿಜದ ಡಿಪೋದಲ್ಲೂ ಯಾವಾಗಲೂ ಒಂದು ಇರುತ್ತಿರಲಿಲ್ಲ.

ಧಾರವಾಡದ ಕಡೆಯ ಮಸಾರಿ ಮಣ್ಣು;
ಸಣ್ಣಗೆ ಬರಲೆಂದು ಚಹಾ ಸೋಸುವ ಜಾಳಿಗೆಯಲ್ಲಿ ಜರಡಿ ಹಿಡಿದೆ.
ಅದಕ್ಕೆ ಇಂದುಮತಿ ಎರಡು ದಿನ ಮಾತು ಬಿಟ್ಟಳು.
ಮೂರನೇ ದಿನ ತಾನೇ ಒಣತುಳಸಿಯ ಕಡ್ಡಿ ತಂದು
ಪಂಪಿನ ಮನೆಯ ಹಿಂದೆ ಬೇವಿನ ಗಿಡ ನೆಟ್ಟಳು.
"ಇಲ್ಲೇ ಇತ್ತಲ್ರಿ? ನಿಮ್ಮ ಡಬ್ಬಿ ತಂದಾಗ ನೋಡಿದ್ದೆ."

ಎಲ್ಲ ಸರಿ ಇದೆ. ಏನೋ ಸರಿ ಇಲ್ಲ.
ಗದಗ ರೋಡಿನ ವರ್ಕಶಾಪಿನಲ್ಲಿ ಭೋಂಗಾ ಊದಿದಾಗೆಲ್ಲ
ಅಂಟು ಹಚ್ಚುವ ಬೆರಳು ತಡವರಿಸುತ್ತದೆ.

ಎಂಬತ್ಮೂರರ ಮೇ.
ಡಿಪೋದ ಪತ್ರಾಸು ಬಿಸಿಲಿಗೆ ಟಣ್ ಟಣ್ ಅನ್ನುತ್ತಿತ್ತು.
ಅಳತೆಗೋಲಿನ ಹಜರೇಸಾಬ ನದಾಫ,
ಬಸ್ಸಿನಲ್ಲಿ ಕೂತರೆ ಡಿಸೇಲಿನ ವಾಸನೆಗೆ
ಪಕ್ಕದವರು ಎದ್ದು ಹೋಗುತ್ತಿದ್ದ ಮನುಷ್ಯ,
ಹಿತ್ತಾಳೆ ಕೋಲು ಇಳಿಬಿಟ್ಟು, ಎತ್ತಿ,
ಒದ್ದೆಯ ಗೆರೆ ಓದಿ ಕೂಗುತ್ತಿದ್ದ.
ನಾನು ಲೆಕ್ಕದ ಗುಮಾಸ್ತ. ಬರೆಯುತ್ತಿದ್ದೆ.
ನಲವತ್ತು ಲೀಟರ್ ಕಡಿಮೆ ಬಂತು.
"ಬಿಸಿಲು ಕುಡದೈತ್ರಿ ಸಾಹೇಬ್ರ" ಅಂದ.
ಖಾತೆಯಲ್ಲಿ ಬಿಸಿಲಿಗೆ ಕಾಲಂ ಇರಲಿಲ್ಲ.
ಕೆಂಪು ಶಾಯಿಯಲ್ಲಿ ಅವನ ಹೆಸರು ಬರೆದೆ.
ಒಂದು ವರ್ಷದ ಇಂಕ್ರಿಮೆಂಟು ನಿಂತಿತು.
ಅವನು ಸಲಾಮು ನಿಲ್ಲಿಸಲಿಲ್ಲ. ನನಗೆ ತಡೆಯದಾದದ್ದು ಅದೇ.

ಮೊನ್ನೆ ರಾತ್ರಿ ನಿದ್ದೆ ಬಾರದೆ ಲೆಕ್ಕಕ್ಕೆ ಕೂತೆ:
ಎಂಬತ್ತೇಳನ್ನು ಎಂಬತ್ತೇಳರಿಂದ,
ಬಂದದ್ದನ್ನು ಮತ್ತೆ ಎಂಬತ್ತೇಳರಿಂದ ಗುಣಿಸಿ
ಅದರಿಂದ ನಲವತ್ತು ಲೀಟರನ್ನು ಭಾಗಿಸಿದರೆ
ಈ ಡಬ್ಬಿಯ ಡಿಪೋದಲ್ಲಿ ಅದು ಒಂದು ಹನಿ.
ಒಂದು ಹನಿ, ಮೇಲಿಷ್ಟು ಜಿಡ್ಡು.

ಇವತ್ತು ಕರೆಸಿದೆ. ಬಂದ,
ಮೊಮ್ಮಗನ ಸ್ಕೂಟರಿನ ಹಿಂದೆ ಕೂತು.
ಕುರ್ಚಿ ಒಲ್ಲೆನೆಂದು ನೆಲಕ್ಕೇ ಕೂತ,
ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದ.
"ಗಿಡ ಬರೋಬ್ಬರಿ ಐತಿ. ನಳಾ ಎಡಕ್ಕ ಬರಬೇಕಿತ್ತು.
ಕಲಿ ಎಲ್ಲೈತ್ರಿ?
ಡಿಪೋ ಅಂದ್ರ ಮೊದ್ಲ ನೆಲಾ ಕರ್ರಗ ಆಗಬೇಕು.
ಇದು ಹಲ್ಲಿನ ಡಾಕ್ಟರ್ ದವಾಖಾನಿ ಆಗೇತಿ."

ಹೊಲಿಗೆ ಮಶೀನಿನ ಎಣ್ಣೆಬುಡ್ಡಿ ತಂದೆ.
ನಳದ ಕೆಳಗೆ ಒಂದೇ ಒಂದು ಹನಿ.
ಅದು ಮಸಾರಿಯೊಳಗೆ ಹರಡುವುದನ್ನು
ಇಬ್ಬರೂ ಬಾಗಿ ನೋಡಿದೆವು. ಕಿರುಬೆರಳ ಉಗುರಿನಷ್ಟಾಯಿತು.
ಇಷ್ಟೇ, ಅನ್ನಬೇಕೆಂದಿದ್ದೆ.
ಗುಣಾಕಾರ ತೋರಿಸಬೇಕೆಂದಿದ್ದೆ.
ಅವನಾಗಲೇ ಪೊಟ್ಟಣದಿಂದ ಬೆಂಕಿಕಡ್ಡಿ ತೆಗೆದು
ತಲೆ ಚಿವುಟಿ, ಡಬ್ಬಿಯ ತೂತಿನಲ್ಲಿ ಇಳಿಬಿಟ್ಟಿದ್ದ.
ಎತ್ತಿದ. ಕಿಟಕಿಯ ಬೆಳಕಿಗೆ ಹಿಡಿದ.
ಒಣಕಡ್ಡಿ.
ಕಣ್ಣು ಸಣ್ಣ ಮಾಡಿ ಓದಿದ:
"ಎರಡು ಮೀಟರ್ ಅರವತ್ತೊಂದು. ಬರಕೋರಿ."

ಕೆಂಪು ಪೆನ್ನು ಬಕೀಟಾಗಿ ಹೋಗಿತ್ತು. ಸಿಕ್ಕಿದ್ದು ನೀಲಿ.
ಹೆಸ್ಕಾಂ ಬಿಲ್ಲಿನ ಬೆನ್ನಿಗೆ ಬರೆದೆ;
ಅಂಟಿನ ಬೆರಳು ಕಾಗದಕ್ಕೆ ಮೆತ್ತಿಕೊಂಡಿತು.
ಬಿಡಿಸಿ, ಬಿಲ್ಲು ತನ್ನ ಕಡೆ ಎಳೆದುಕೊಂಡು
ಉರ್ದುವಿನಲ್ಲಿ ಸಹಿ ಹಾಕಿದ ಹಜರೇಸಾಬ,
ಪಕ್ಕದಲ್ಲಿ ನನ್ನ ಸಹಿಗೆ ಜಾಗ ಬಿಟ್ಟು.