ಹೊಸ್ತಿಲಿನ ಎತ್ತರ

ಪೊವಾಯಿಯ ಆರನೇ ಮಹಡಿಯಲ್ಲಿ
ಹತ್ತು ಸಾವಿರ ವರ್ಷ ಮಳೆ ಸುರಿಯಲು
ನಲವತ್ತು ನಿಮಿಷ ಬೇಕು.
ಗುಂಡಿ ಒತ್ತಿ, ಕೆಳಗಿಳಿದು
ಕಟಿಂಗ್ ಚಹಾ ಕುಡಿದು ಬರುವಷ್ಟರಲ್ಲಿ
ಮುಗಿದಿರುತ್ತದೆ ಎಲ್ಲ:
ಹೆಸರಿಲ್ಲದ ಆಷಾಢಗಳು, ಬರೀ ಅಂಕಿಯ ಶ್ರಾವಣಗಳು,
ಏಳು ಸಾವಿರದ ಮುನ್ನೂರೆರಡನೇ ವರ್ಷ
ಉಬ್ಬರದ ಹೊತ್ತಿಗೇ ಮೋಡವೂ ಒಡೆದು
ಹೆಸರಷ್ಟೇ ಸಿಹಿಯಾದ ಮೀಠಿ ನದಿ
ಹಿಂದಕ್ಕೆ ಹರಿದದ್ದು.
ಒಬ್ಬರೂ ಕಿರುಚುವುದಿಲ್ಲ.
ಯಂತ್ರದೊಳಗಿನ ಫ್ಯಾನು ತುಸು ಜೋರಾಗುತ್ತದೆ, ಅಷ್ಟೆ.

"ನೂರು ವರ್ಷಕ್ಕೊಮ್ಮೆ ಅಂದರೆ
ಮುಂದಿನದು ಮೊಮ್ಮಕ್ಕಳ ಪಾಲಿಗೆ, ಅಲ್ಲವಾ?"
ಕೇಳಿದ ಚಹಾದ ಸಖಾರಾಮ.
ಇಲ್ಲ ಮಾರಾಯ, ವರ್ಷಾವರ್ಷ
ನೂರು ಚೀಟಿಯ ಡಬ್ಬಿಗೆ ಕೈ ಹಾಕುವುದು,
ಎತ್ತಿದ ಚೀಟಿ ತಿರುಗಿ ಡಬ್ಬಿಗೇ.
ಅವನು ಲೋಟ ತೊಳೆಯುತ್ತ ನಕ್ಕ:
"ನಮ್ಮ ಭಿಶಿಯಲ್ಲಿ ಒಮ್ಮೆ ಎತ್ತಿದವರಿಗೆ ಮತ್ತೆ ಇಲ್ಲ.
ನಿಮ್ಮದು ಮೋಸದ ಭಿಶಿ, ಮೇಡಮ್."

ಸಂಜೆ ಏಳಕ್ಕೆ ಝೂರಿಕ್‌ನಿಂದ ಕರೆ.
ಬಾಲ ದಪ್ಪವಾಯಿತು, ಹೋದ ವರ್ಷ ಹೀಗಿರಲಿಲ್ಲ.
ವಕ್ರರೇಖೆಯ ಬಾಲ ಅದು,
ಎಂದೋ ಬರುವ ಕೇಡೆಲ್ಲ ಒತ್ತಾಗಿ ಕೂರುವ ಜಾಗ.
ಒಂಚೂರು ಸವರಬಹುದೇ ಎನ್ನುತ್ತಾರೆ,
ಕ್ಷೌರಿಕನಿಗೆ ಹೇಳುವಷ್ಟು ಮೆತ್ತಗೆ.
ಸಮುದ್ರ ಮೊದಲಿಗಿಂತ ಬೆಚ್ಚಗಿದೆ ಎನ್ನುತ್ತೇನೆ.
ಒಪ್ಪಂದದಲ್ಲಿ ಸಮುದ್ರದ ಸಹಿ ಇಲ್ಲ.
ಹದಿನೇಳು ವರ್ಷದ ನೌಕರಿ ಕಲಿಸಿದ್ದು
ಇಂಥ ಹೊತ್ತಲ್ಲಿ ಎಷ್ಟು ಸೆಕೆಂಡು ಸುಮ್ಮನಿರಬೇಕು ಎಂಬುದನ್ನು.

ಮಾರ್ಚ್‌ನಲ್ಲಿ ಕುರ್ಲಾಕ್ಕೆ ಹೋಗಿದ್ದೆ,
ಅಳತೆಪಟ್ಟಿ ಹಿಡಿದು, ಹೊಸ್ತಿಲುಗಳ ಎತ್ತರ ಬರೆದುಕೊಳ್ಳಲು.
ನಷ್ಟ ಶುರುವಾಗುವುದು ಹೊಸ್ತಿಲಿನಿಂದ;
ಅಲ್ಲಿಯವರೆಗೆ ಅದು ಬರೀ ನೀರು.
ಬ್ಯಾಗುಗಳಿಗೆ ಝಿಪ್ ಹೊಲಿಯುವ ಖೈರುನ್ನೀಸಾ
ಪಟ್ಟಿಯ ಇನ್ನೊಂದು ತುದಿ ಹಿಡಿದು ಹೇಳಿದಳು:
ಮೊದಲ ನೆರೆಗೆ ಒಂದು ಇಟ್ಟಿಗೆ,
ಮಗಳ ನಿಕಾಹ್ ವರ್ಷದ್ದಕ್ಕೆ ಇನ್ನೊಂದು,
ಮೂರನೆಯದು ಸುಮ್ಮನೆ, ಎಲ್ಲೋ ಮಿಕ್ಕಿತ್ತು.
ಕ್ಯಾಲೆಂಡರ್ ಸರಿಸಿದರೆ ಗೋಡೆಯಲ್ಲಿ ಪೆನ್ಸಿಲ್ ಗೆರೆಗಳು,
ನನ್ನ ಉಪಗ್ರಹಕ್ಕೆ ಕಾಣದವು.
ಜೂನಿನ ಮೊದಲ ಶುಕ್ರವಾರ
ನಾಲ್ಕು ಸ್ಕ್ರೂ ಬಿಚ್ಚಿ, ಸ್ಟೂಲು ಹತ್ತಿ,
ಮಷಿನ್ನಿನ ಮೋಟಾರನ್ನು ಅಟ್ಟಕ್ಕೇರಿಸುತ್ತಾಳಂತೆ.
ಆಮೇಲೆ ದಸರೆಯವರೆಗೆ ಕಾಲಲ್ಲೇ ತುಳಿಯುವುದು.
"ನಿಮ್ಮ ಮನೆ ಎಷ್ಟನೇ ಮಾಳಿಗೆ?"
ಹದಿನಾಲ್ಕು ಅಂದೆ.
"ಒಳ್ಳೇದಾಯ್ತು" ಅಂದಳು. ಕೊಂಕಿರಲಿಲ್ಲ ಮಾತಲ್ಲಿ.

ಅವಳ ಓಣಿ ನನ್ನ ನಕ್ಷೆಯಲ್ಲಿ ಒಂದು ಚೌಕ: ೪೧೧೭.
ಹತ್ತು ಸಾವಿರದಲ್ಲಿ ಮೂರು ಸಾವಿರ ವರ್ಷ
ಅಲ್ಲಿ ಮೊಣಕಾಲು ನೀರು.
ನಷ್ಟದ ಕಾಲಮ್ಮಿನಲ್ಲಿ ಸೊನ್ನೆ.
ವಿಮೆ ಇಲ್ಲದಲ್ಲಿ ನಷ್ಟವಾಗುವುದಿಲ್ಲ.
ಅದು ತಪ್ಪಲ್ಲ, ಹಾಗೇ ಬರೆದದ್ದು,
ಬರೆದವಳು ನಾನೇ, ಎರಡು ಸಾವಿರದ ಹನ್ನೊಂದರಲ್ಲಿ,
ಒಂದೇ ಸಾಲಿನಲ್ಲಿ, ತುಂಬ ಚೊಕ್ಕವಾಗಿ.
ಶಹಬ್ಬಾಸ್ ಅಂದಿದ್ದರು ಆಗ.

ನಿನ್ನೆ ರಾತ್ರಿ ಎಲ್ಲರೂ ಹೋದ ಮೇಲೆ
ಪಟ್ಟಿಗೆ ಒಂದು ಸಾಲು ಸೇರಿಸಿದೆ.
ಚೌಕ ೪೧೧೭. ಮೋಟಾರು ಒಂದು.
ಬೆಲೆ ಮೂರು ಸಾವಿರದ ಇನ್ನೂರು.
ಹೊಸ್ತಿಲು ಮೂರು ಇಟ್ಟಿಗೆ.
ನಲವತ್ತು ನಿಮಿಷ ಕೂತೆ, ಚಹಾಕ್ಕೂ ಏಳಲಿಲ್ಲ.
ಕೋಟಿಗಳ ಮೊತ್ತದಲ್ಲಿ ಒಂದು ದಶಾಂಶವೂ ಅಲುಗಲಿಲ್ಲ.
ಆ ಸಾಲಿನಲ್ಲಿ ಮಾತ್ರ
ಸಾವಿರದ ಎಂಟುನೂರು ಸಲ ಮೋಟಾರು ಮುಳುಗಿತು.
ಸ್ಟೂಲಿನ ಸಂಗತಿ ಮಾದರಿಗೆ ಗೊತ್ತಿಲ್ಲ.

ಬೆಳಿಗ್ಗೆ ಹೊಸ ಹುಡುಗ ಸಪ್ರೆ ಕೇಳಿದ:
"ಇದ್ಯಾರು ಹಾಕಿದ್ದು? ಕಸ ಅನಿಸುತ್ತೆ, ತೆಗೆದುಬಿಡಲಾ?"
ಪರೀಕ್ಷೆಗೆ ಹಾಕಿದ್ದು, ಇರಲಿ, ಅಂದೆ.
ಯಾವ ಪರೀಕ್ಷೆ ಎಂದವನು ಕೇಳಲಿಲ್ಲ,
ಕೇಳಿದ್ದರೆ ನನಗೂ ಹೊಳೆಯುತ್ತಿರಲಿಲ್ಲ.

ಇವತ್ತು ಮೇ ಇಪ್ಪತ್ತೊಂಬತ್ತು.
ಶುಕ್ರವಾರಕ್ಕೆ ಇನ್ನೊಂದು ವಾರ.
ಆ ನಾಲ್ಕು ಸ್ಕ್ರೂಗಳಲ್ಲಿ ಒಂದಕ್ಕೆ
ತುಕ್ಕು ಹಿಡಿದಿದ್ದರೆ
ಅದನ್ನೆಲ್ಲಿ ಬರೆಯಬೇಕು ಎಂದು
ಕಾಲಮ್ಮು ಹುಡುಕುತ್ತಿದ್ದೇನೆ.